ಕೆಳದನಿಯ ಮಾತು: ಫ್ರಾನ್ಸ್ವಾ ಮೂತಾಂ ಮತ್ತು ಡಬಲ್ ಬೇಸ್

(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



2004ರಲ್ಲಿ ಅಮೆರಿಕದ ಪೈ ರೆಕಾರ್ಡಿಂಗ್ಸ್ ಸಂಸ್ಥೆ ‘ಮದರ್ ಟಂಗ್’ ಎಂಬ ಜಾಝ್ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರಲ್ಲಿ ಒಂದು ರಚನೆಯ ಹೆಸರು ‘ಕನ್ನಡ’. ಅದಕ್ಕೆ ಸಾಹಿತ್ಯವಿಲ್ಲ, ಹಾಡುವವರಿಲ್ಲ, ಇರುವುದು ನಾಲ್ಕು ವಾದ್ಯ ಮಾತ್ರ. ಮುಂದೆ ನಿಂತು ಆಲ್ಟೊ ಸ್ಯಾಕ್ಸೊಫೋನ್ ಊದಿದವರು ರುದ್ರೇಶ್ ಮಹಾಂತಪ್ಪ. ಕಲಬುರಗಿಯ ಯಾವ ಓಣಿಯಲ್ಲಿ ನಿಂತು ಈ ಹೆಸರನ್ನು ಕೂಗಿದರೂ ಒಬ್ಬರಾದರೂ ಓಗೊಟ್ಟಾರು. ಪಿಯಾನೊ ವಿಜಯ್ ಅಯ್ಯರ್ ಅವರದು, ಡ್ರಮ್ಸ್ ಎಲಿಯಟ್ ಉಂಬೆರ್ಟೊ ಕಾವಿ ಅವರದು. ಇವರೆಲ್ಲರ ಬೆನ್ನಿಗೆ ಆಳೆತ್ತರದ ಮರದ ವಾದ್ಯವನ್ನು ಭುಜಕ್ಕೆ ಆನಿಸಿಕೊಂಡು ನಿಂತವರು ಪ್ಯಾರಿಸ್‌ನ ಫ್ರಾನ್ಸ್ವಾ ಮೂತಾಂ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ನಾಲ್ಕನೆಯವರ ಬಗ್ಗೆ. ನಮ್ಮ ಭಾಷೆಯ ಹೆಸರು ಹೊತ್ತ ಆ ರಚನೆಗೆ ನೆಲ ಹಾಕಿದವರು ಅವರು. ಸಂಗೀತ ಕೇಳುವಾಗ ನಾವು ನೆಲದ ಕಡೆ ಕಿವಿ ಕೊಡುವುದು ತೀರ ಕಡಿಮೆ. ಆ ರೂಢಿ ಬದಲಾಗಬೇಕು ಎಂಬುದು ನನ್ನ ಕಳಕಳಿ.

ಮೊದಲು ವಾದ್ಯ. ಡಬಲ್ ಬೇಸ್ ಪಿಟೀಲಿನ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡದು, ಸುಮಾರು ಆರು ಅಡಿ ಎತ್ತರ. ಸಾಮಾನ್ಯವಾಗಿ ನಾಲ್ಕು ತಂತಿ. ಅತಿ ಕೆಳಗಿನ ತಂತಿಯ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ಕಪ್ಪು ಒಂದರ ಶ್ರುತಿಗೆ ಕೂಡಿಸಿದ ಗಂಡುದನಿಯ ತಂಬೂರಿಯಲ್ಲಿ ಖರ್ಜದ ತಂತಿ ಸುಮಾರು 69 ಕಂಪನದಲ್ಲಿ ಮಿಡಿಯುತ್ತದೆ. ಅಂದರೆ ನಾವು ‘ಇದಕ್ಕಿಂತ ಕೆಳಗೆ ಇನ್ನೇನಿದೆ’ ಎಂದುಕೊಳ್ಳುವ ಕಡೆಯಿಂದಲೂ ಈ ವಾದ್ಯ ಇನ್ನೂ ಒಂಬತ್ತು ಸ್ವರಸ್ಥಾನ ಕೆಳಗಿಳಿಯುತ್ತದೆ. ಮಿಡಿಯುವ ತಂತಿಯ ಉದ್ದ ಒಂದು ಮೀಟರಿಗೂ ತುಸು ಹೆಚ್ಚು. ಹಾಗಾಗಿ ತಂತಿಯ ಮೇಲ್ತುದಿಯಲ್ಲಿ ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಹೋಗಲು ಬೆರಳು 6 ಸೆಂಟಿಮೀಟರ್ ಸರಿಯಬೇಕು. ಪಿಟೀಲಿನಲ್ಲಿ ಇದೇ ದೂರ 2 ಸೆಂಟಿಮೀಟರಿಗೂ ಕಡಿಮೆ. ಸಿತಾರಿನಂತೆ ಮೆಟ್ಟಿಲುಗಳಿಲ್ಲ, ಸ್ವರ ಎಲ್ಲಿದೆ ಎಂದು ಕೈ ತಾನೇ ಕಲಿತುಕೊಳ್ಳಬೇಕು. ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಮೇಳದಲ್ಲಿ ಇದನ್ನು ಹೆಚ್ಚಾಗಿ ಕಮಾನಿನಿಂದ ಉಜ್ಜುತ್ತಾರೆ. ಜಾಝ್‌ನವರು ಬಹುಮಟ್ಟಿಗೆ ಕಮಾನು ಬದಿಗಿಟ್ಟು ಬಲಗೈ ಬೆರಳುಗಳಿಂದ ಮೀಟುತ್ತಾರೆ. ತಂತಿ ದಪ್ಪ, ಬಿಗಿ ಹೆಚ್ಚು. ಹೊಸದಾಗಿ ಕಲಿಯುವವರ ಬೆರಳಲ್ಲಿ ಬೊಬ್ಬೆ ಏಳುವುದು ಮಾಮೂಲು.

ಜಾಝ್ ಹುಟ್ಟಿದ ಕಾಲದಲ್ಲಿ ಈ ಕೆಳದನಿಯ ಕೆಲಸವನ್ನು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆಯೂ ಹಂಚಿಕೊಂಡಿತ್ತು. ನಿಧಾನವಾಗಿ ಡಬಲ್ ಬೇಸ್ ಆ ಜಾಗವನ್ನು ಪೂರ್ತಿ ತನ್ನದಾಗಿಸಿಕೊಂಡಿತು. 1930ರ ದಶಕದಲ್ಲಿ ಕೌಂಟ್ ಬೇಸಿಯ ವಾದ್ಯಮೇಳದ ವಾಲ್ಟರ್ ಪೇಜ್ ಅವರು ನಾಲ್ಕು ಮಾತ್ರೆಗೂ ಒಂದೊಂದು ಸ್ವರ ಇಡುತ್ತ, ಎಲ್ಲೂ ತಡೆಯದೆ ಸಾಗುವ ಕ್ರಮವನ್ನು ಗಟ್ಟಿ ಮಾಡಿದರು. ಜಾಝ್‌ನವರ ಬಾಯಲ್ಲಿ ಅದಕ್ಕೆ ‘ವಾಕಿಂಗ್ ಬೇಸ್’ ಎಂದೇ ಹೆಸರು. ಡ್ಯೂಕ್ ಎಲಿಂಗ್ಟನ್ ಅವರ ಮೇಳಕ್ಕೆ 1939ರಲ್ಲಿ ಬಂದ ಜಿಮ್ಮಿ ಬ್ಲಾಂಟನ್ ಹಿಂದಿನ ಸಾಲಿನಲ್ಲಿದ್ದ ಈ ವಾದ್ಯವನ್ನು ಮುಂದಕ್ಕೆ ತಂದು ಅದರಲ್ಲಿ ರಾಗ ನುಡಿಸಿದರು. ಕ್ಷಯ ಅವರನ್ನು 23ರ ವಯಸ್ಸಿಗೇ ಒಯ್ದಿತು. ಇಪ್ಪತ್ತು ವರ್ಷದ ನಂತರ ಸ್ಕಾಟ್ ಲಫಾರೊ ಬಂದರು. ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಜೊತೆ ನುಡಿಸುವಾಗ ಲಫಾರೊ ಲೆಕ್ಕ ಹಿಡಿದು ನಡೆಯುವ ಕೆಲಸವನ್ನಷ್ಟೇ ಮಾಡಿಕೊಂಡಿರಲಿಲ್ಲ, ಪಿಯಾನೊದ ಮಾತಿಗೆ ಎದುರುಮಾತು ಆಡಿದರು. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಅವರ ನುಡಿಸಾಣಿಕೆ ಮುದ್ರಣವಾಯಿತು. ಹನ್ನೊಂದು ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು, 25ರ ಹರೆಯ. ಜಾಝ್ ಬೇಸ್ ಚರಿತ್ರೆಯಲ್ಲಿ ಹೀಗೆ ಎಳೆಯ ಸಾವುಗಳು ಬಹಳ. ಆದರೆ ಆ ಒಂದು ದಿನದ ಮುದ್ರಣ ಕೇಳಿ ದಾರಿ ಬದಲಿಸಿದ ವಾದಕರು ಇನ್ನೂ ಬಹಳ. ಮೂತಾಂ ಅವರನ್ನು ನಾನು ಆ ಸಾಲಿನಲ್ಲಿ ಇಡುತ್ತೇನೆ.

ಫ್ರಾನ್ಸ್ವಾ ಮೂತಾಂ 1961ರಲ್ಲಿ, ಅಂದರೆ ಲಫಾರೊ ತೀರಿಕೊಂಡ ವರ್ಷದ ಡಿಸೆಂಬರಿನಲ್ಲಿ, ಪ್ಯಾರಿಸ್‌ನಲ್ಲಿ ಹುಟ್ಟಿದರು. ಜೊತೆಯಲ್ಲೇ ಹುಟ್ಟಿದವರು ಅವಳಿ ಸೋದರ ಲೂಯಿ. ಒಬ್ಬರು ಬೇಸ್ ಹಿಡಿದರು, ಇನ್ನೊಬ್ಬರು ಡ್ರಮ್ಸ್ ಹಿಡಿದರು. ಲಯದ ಜೋಡಿ ಒಂದೇ ತೊಟ್ಟಿಲಲ್ಲಿ ಸಿದ್ಧವಾದಂತೆ. ಫ್ರಾನ್ಸ್ವಾ ಎಂಜಿನಿಯರಿಂಗ್ ಓದಿದರು, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಆ ದಾರಿ ಬಿಟ್ಟು ಸಂಗೀತಕ್ಕೇ ನಿಂತರು. 1990ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಶಿಕಾಗೊದಿಂದ ರುದ್ರೇಶ್ ಕೂಡ ಅದೇ ನಗರಕ್ಕೆ ಬಂದರು.

ರುದ್ರೇಶ್ 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿದರು, ಬೆಳೆದದ್ದು ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿ. ತಂದೆ ಕೆ.ಟಿ. ಮಹಾಂತಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪಿಯಾನೊದ ವಿಜಯ್ ಅಯ್ಯರ್ ಸಹ ಯೇಲ್‌ನಲ್ಲಿ ಗಣಿತ, ಭೌತಶಾಸ್ತ್ರ ಓದಿದವರು. ಒಂದೇ ಚೌಕಡಿಯಲ್ಲಿ ಭೌತಶಾಸ್ತ್ರದ ನೆರಳಿರುವವರು ಮೂವರು! ಇದನ್ನು ನಾನು ಬರಿಯ ಕಾಕತಾಳೀಯ ಎನ್ನಲಾರೆ. 2006ರಲ್ಲಿ ಬಂದ ‘ಕೋಡ್‌ಬುಕ್’ ಮುದ್ರಿಕೆಯಲ್ಲಿ ರುದ್ರೇಶ್ ಗುಪ್ತಲಿಪಿ, ಸಂಖ್ಯಾಕ್ರಮಗಳನ್ನೇ ಸ್ವರಕ್ಕೆ ಇಳಿಸಿದರು. ಆ ಲೆಕ್ಕದ ಗಂಟುಗಳ ನಡುವೆ ಮೂತಾಂ ಅವರ ಬೇಸ್ ಎಲ್ಲೂ ಬೆರಳೆಣಿಸುವಂತೆ ಕೇಳುವುದಿಲ್ಲ. ಲೆಕ್ಕ ರಕ್ತಗತವಾದ ಮೇಲೆ ಮಾತ್ರ ಬರುವ ಸಲೀಸು ಅದು. ನಮ್ಮಲ್ಲಿ ತಿಹಾಯಿ ಹಾಕಿ ಸಮಕ್ಕೆ ಬರುವ ತಬಲಾದವರ ಮುಖ ನೋಡಿದವರಿಗೆ ಈ ಸಲೀಸು ಏನೆಂದು ಹೇಳಬೇಕಾಗಿಲ್ಲ.

‘ಮದರ್ ಟಂಗ್’ ಹುಟ್ಟಿದ ಬಗೆ ಹೀಗೆ. ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದವರಿಗೆ ‘ನೀನು ಇಂಡಿಯನ್ ಭಾಷೆ ಮಾತಾಡುತ್ತೀಯಾ, ಹಿಂದೂ ಭಾಷೆ ಮಾತಾಡುತ್ತೀಯಾ’ ಎಂಬ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ರುದ್ರೇಶ್ ಆ ಪ್ರಶ್ನೆಗೆ ಬೇರೆ ಬೇರೆ ಭಾಷೆಯವರಿಂದ ಅವರವರ ಭಾಷೆಯಲ್ಲೇ ಉತ್ತರ ಹೇಳಿಸಿ ಮುದ್ರಿಸಿಕೊಂಡರು. ಆ ಮಾತಿನ ಏರಿಳಿತ, ತಡೆ, ವೇಗಗಳನ್ನು ಸ್ವರದಲ್ಲಿ ಬರೆದು ರಚನೆಗಳನ್ನು ಕಟ್ಟಿದರು. ‘ಕನ್ನಡ’, ‘ಗುಜರಾತಿ’, ‘ತೆಲುಗು’, ‘ಕೊಂಕಣಿ’, ‘ತಮಿಳು’, ‘ಮಲಯಾಳಂ’ ಎಂದೇ ಅವುಗಳ ಹೆಸರು.

ಇವತ್ತು ಪೇಟಿ, ಏಕತಾರಿ ಸಮೇತ ಇಲ್ಲಿಗೆ ಬಂದಿರುವ ಕಮಲಾಪುರದ ಭಜನಾ ಮಂಡಳಿಯವರಿಗೆ ನಾನು ‘ಕನ್ನಡ’ ರಚನೆಯನ್ನು ಅವರ ಊರಿನಲ್ಲೇ ಒಂದು ಸೋಮವಾರದ ಭಜನೆ ಮುಗಿದ ಮೇಲೆ ಕೇಳಿಸಿದೆ. ಮೊದಲು ಫೋನಿನ ಸ್ಪೀಕರಿನಲ್ಲೇ ಹಾಕಿದೆ. ಸ್ಯಾಕ್ಸೊಫೋನ್ ಕೇಳಿತು, ಪಿಯಾನೊ ಕೇಳಿತು, ಡ್ರಮ್ಸ್‌ನ ತಟ್ಟೆಗಳೂ ಕೇಳಿದವು. ಬೇಸ್ ಮಾತ್ರ ಎಲ್ಲೋ ಬೆರಳು ತಾಗಿದ ಸಪ್ಪಳದಂತಿತ್ತು. ಅಂಗೈಯಷ್ಟು ಯಂತ್ರದ ಸ್ಪೀಕರಿಗೆ 41 ಕಂಪನದ ಸ್ವರವನ್ನು ಹೊರಡಿಸುವ ಶಕ್ತಿಯಿಲ್ಲ. ಮೇಲಿನ ಉಪಸ್ವರಗಳನ್ನಷ್ಟೇ ಅದು ಕಳಿಸುತ್ತದೆ, ಮೂಲಸ್ವರವನ್ನು ನಮ್ಮ ಕಿವಿಯೇ ಊಹಿಸಿ ತುಂಬಿಕೊಳ್ಳಬೇಕು. ಇಂದು ಬಹುಪಾಲು ಜನ ಸಂಗೀತ ಕೇಳುವುದು ಫೋನಿನಲ್ಲಿ. ಹಾಗಾಗಿ ಕೆಳದನಿಯ ವಾದಕರು ನಮ್ಮ ಮಟ್ಟಿಗೆ ಇಲ್ಲದವರೇ ಆಗಿಬಿಟ್ಟಿದ್ದಾರೆ. ಇದು ನನಗೆ ನಿಜವಾಗಿ ನೋವಿನ ಸಂಗತಿ.

ಆಮೇಲೆ ಭಜನೆಯ ಆಂಪ್ಲಿಫೈಯರಿಗೆ ವೈರು ಜೋಡಿಸಿ ದೊಡ್ಡ ಬಾಕ್ಸಿನಲ್ಲಿ ಹಾಕಿದೆವು. ಕೂತಿದ್ದ ಜಮಖಾನೆಯ ಕೆಳಗಿನ ಬಂಡೆಗಲ್ಲಿನಿಂದಲೇ ಸ್ವರ ಬಂದಂತಾಯಿತು. ಡಗ್ಗಾ ಬಾರಿಸುವ ಹಿರಿಯರೊಬ್ಬರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, “ಮುಂದಿನಾಂವಗ ಹಾದಿ ಇವನೇ ತೋರಸ್ಲಕತ್ತಾನ ನೋಡ್ರಿ” ಎಂದರು. ಇನ್ನೂ ಸ್ವಲ್ಪ ಕೇಳಿ, “ನಾವು ಡಗ್ಗಾ ಒತ್ತಿ ಎಳೀತೀವಲ್ರೀ, ಹಂಗೇ ಎಳೀತಾನ” ಎಂದು ಮುಂಗೈ ಒತ್ತಿ ತೋರಿಸಿದರು. ಮೂತಾಂ ಅವರ ಶೈಲಿಯ ಎರಡು ಗುಟ್ಟುಗಳನ್ನು ಜಾಝ್ ಎಂಬ ಹೆಸರನ್ನೇ ಕೇಳದ ಒಬ್ಬರು ಎರಡು ಮಾತಿನಲ್ಲಿ ಹಿಡಿದುಬಿಟ್ಟಿದ್ದರು. ನಾನು ಇನ್ನು ಹೇಳುವುದೆಲ್ಲ ಆ ಎರಡು ಮಾತಿನ ವಿಸ್ತಾರ.

‘ಹಾದಿ ತೋರಸ್ಲಕತ್ತಾನ’ ಎಂಬುದನ್ನು ಈಗ ಇಲ್ಲೇ ಪೇಟಿಯ ಮೇಲೆ ನೋಡೋಣ. ಕಮಲಾಪುರದ ಪೇಟಿ ಮಾಸ್ತರರು ದಯವಿಟ್ಟು ಬಿಲಾವಲ್‌ನ ಶುದ್ಧ ಗಾಂಧಾರವನ್ನು ಬಲಗೈಯಲ್ಲಿ ಒತ್ತಿ ಹಿಡಿಯಲಿ, ಬಿಡುವುದು ಬೇಡ. ಎಡಗೈಯಲ್ಲಿ ಕೆಳಗಿನ ಷಡ್ಜ ಹಿಡಿಯಲಿ. ಗಾಂಧಾರ ನೆಮ್ಮದಿಯಾಗಿ ಕೂತಿದೆ, ಸಿಹಿಯಾಗಿದೆ. ಈಗ ಷಡ್ಜ ಬಿಟ್ಟು ಅದಕ್ಕಿಂತ ಕೆಳಗಿನ ಧೈವತ ಹಿಡಿಯಲಿ. ಮೇಲಿನ ಸ್ವರ ಅದೇ ಇದೆ, ಕೂದಲೆಳೆಯಷ್ಟೂ ಸರಿದಿಲ್ಲ. ಆದರೂ ಅದರ ಮೇಲೆ ಒಂದು ಮೋಡ ಕವಿಯಿತಲ್ಲವೆ? ಈಗ ಮಧ್ಯಮ. ಅದೇ ಗಾಂಧಾರ ಇದ್ದಕ್ಕಿದ್ದಂತೆ ಚಡಪಡಿಸುತ್ತಿದೆ, ಎಲ್ಲಿಗೋ ಹೊರಡಬೇಕೆನ್ನುತ್ತಿದೆ. ಮೇಲಿನವರು ಏನನ್ನೂ ಮಾಡದೆ ಅವರ ಸ್ವರದ ಭಾವ ಎರಡು ಸಲ ಬದಲಾಯಿತು. ಬದಲಿಸಿದ್ದು ಕೆಳಗಿನ ಕೈ. ಜಾಝ್ ಬೇಸ್‌ನ ಅಧಿಕಾರ ಇದು. ನಮ್ಮ ಸಂಗೀತದಲ್ಲಿ ಷಡ್ಜ ಅಲುಗುವುದಿಲ್ಲ. ತಂಬೂರಿಯ ಆ ನಿಶ್ಚಲತೆಯ ಮೇಲೆ ರಾಗ ಬಿಚ್ಚಿಕೊಳ್ಳುತ್ತದೆ. ಜಾಝ್‌ನಲ್ಲಿ ಆಧಾರ ತಾನೇ ನಡೆಯುತ್ತದೆ. ಮುಂದೆ ನುಡಿಸುವವರು ಒಂದೊಂದು ಹೆಜ್ಜೆಗೂ ‘ನನ್ನ ಕೆಳಗೆ ಈಗ ಯಾವ ನೆಲವಿದೆ’ ಎಂದು ಕೇಳಿಕೊಂಡೇ ಸಾಗಬೇಕು.

ಈ ಅಧಿಕಾರವನ್ನು ಮೂತಾಂ ಬಳಸುವ ರೀತಿಯಲ್ಲಿ ಅವರ ವ್ಯಕ್ತಿತ್ವ ಕಾಣುತ್ತದೆ. ಅವರು ಸುಮ್ಮನೆ ಹಿಂದೆ ನಿಲ್ಲುವ ಸ್ವಭಾವದವರಲ್ಲ. ಕೆಳಗಿನ ತಂತಿಯಲ್ಲಿ ಒಂದು ತೂಕದ ಸ್ವರ ಊರಿ, ಅದು ಇನ್ನೂ ಮಿಡಿಯುತ್ತಿರುವಾಗಲೇ ಮೇಲಿನ ತಂತಿಗೆ ಹಾರಿ ಪುಟ್ಟ ಪಲುಕೊಂದನ್ನು ಹೇಳಿ ವಾಪಸು ಬರುತ್ತಾರೆ. ಕೇಳುವವರಿಗೆ ಇಬ್ಬರು ನುಡಿಸುತ್ತಿದ್ದಾರೆಂಬ ಭ್ರಮೆಯಾಗುತ್ತದೆ. ಎರಡು ತಂತಿಗಳನ್ನು ಒಟ್ಟಿಗೆ ಹಿಡಿದು ಸ್ವರಜೋಡಿ ಮೊಳಗಿಸುತ್ತಾರೆ. ಎಡಗೈ ಹೆಬ್ಬೆರಳನ್ನು ಕತ್ತಿನ ಹಿಂದಿನಿಂದ ತೆಗೆದು ತಂತಿಯ ಮೇಲೇ ಊರಿ, ಹೊಟ್ಟೆಯ ಭಾಗದ ಎತ್ತರದ ಸ್ವರಗಳಲ್ಲಿ ಗಿಟಾರಿನ ವೇಗದಲ್ಲಿ ಓಡುತ್ತಾರೆ. ಲಫಾರೊ ತೆರೆದ ದಾರಿ ಅದು. ವೇಗ ಬಹಳ ಜನಕ್ಕೆ ಬರುತ್ತದೆ. ಅಷ್ಟು ಮೇಲೆ ಓಡಿಯೂ ಪ್ರತಿ ಸ್ವರಕ್ಕೆ ಮರದ ದನಿ ಉಳಿಸಿಕೊಳ್ಳುವುದು ಕೆಲವರಿಗಷ್ಟೇ ಸಾಧ್ಯ, ಮೂತಾಂ ಅವರಲ್ಲಿ ನನಗೆ ಹಿಡಿಸಿದ್ದು ಅದೇ. ಒಮ್ಮೊಮ್ಮೆ ಅವರು ಬಹಳ ಮಾತಾಡುತ್ತಾರೆ ಎಂದೂ ನನಗನಿಸಿದೆ. ಎರಡು ಸ್ವರದಲ್ಲಿ ಮುಗಿಯುವ ಕಡೆ ಹತ್ತು ಸ್ವರ ಬೀಳುತ್ತವೆ. ಆದರೆ ರುದ್ರೇಶ್ ಅವರ ಸ್ಯಾಕ್ಸೊಫೋನ್ ಬಿರುಮಳೆಯ ಜಾತಿಯದು. ಅದರ ಕೆಳಗೆ ಮಿತಭಾಷಿಯಾದವರು ನಿಂತಿದ್ದರೆ ಕೊಚ್ಚಿಹೋಗುತ್ತಿದ್ದರು.

ಇನ್ನು ‘ಒತ್ತಿ ಎಳೀತಾನ’ ಎಂಬ ಮಾತು. ಕಮಲಾಪುರದಲ್ಲಿ ಅದೇ ಸಂಜೆ ಇನ್ನೊಂದು ಪ್ರಯೋಗ ಮಾಡಿದೆವು. “ಯಾವಾಗ ಬಂದ್ರಿ? ಊಟ ಆತೇನ್ರಿ?” ಎಂದು ಒಬ್ಬರು ಸಹಜವಾಗಿ ಕೇಳುವುದು, ಆ ದನಿಯನ್ನು ಪೇಟಿಯಲ್ಲಿ ಹಿಡಿಯುವುದು. ‘ಯಾವಾಗ’ದ ಉದ್ದ ಸಿಕ್ಕಿತು, ‘ಬಂದ್ರಿ’ಯ ಇಳಿತ ಸಿಕ್ಕಿತು. ‘ಆತೇನ್ರಿ’ಯಲ್ಲಿ ಕೊನೆಗೆ ದನಿ ಮೇಲಕ್ಕೆ ಜಾರುತ್ತದಲ್ಲ, ಅದು ಎರಡು ಮನೆಗಳ ನಡುವೆ ಬಿದ್ದು ಪೇಟಿಗೆ ಸಿಗಲೇ ಇಲ್ಲ. ಬಿಳಿ ಮನೆ ಒತ್ತಿದರೆ ಕಡಿಮೆ, ಕರಿ ಮನೆ ಒತ್ತಿದರೆ ಹೆಚ್ಚು. ಪಿಯಾನೊಗೂ ಇದೇ ಮಿತಿ. ಸ್ಯಾಕ್ಸೊಫೋನ್ ತುಟಿಯ ಬಿಗಿ ಬದಲಿಸಿ ಆ ಜಾರನ್ನು ಹಿಡಿಯಬಲ್ಲದು. ಮೆಟ್ಟಿಲಿಲ್ಲದ ಡಬಲ್ ಬೇಸ್ ಬೆರಳು ಸರಿಸಿ ಹಿಡಿಯಬಲ್ಲದು. ಮಾತಿನಿಂದ ಹುಟ್ಟಿದ ಸಂಗೀತಕ್ಕೆ ಇಂಥ ಕೆಳದನಿ ಬೇಕೇಬೇಕು ಎಂದು ನನಗೆ ಅನ್ನಿಸಿದ್ದು ಆಗ. ಮೂತಾಂ ಸ್ವರದಿಂದ ಸ್ವರಕ್ಕೆ ಹೋಗುವಾಗ ದಾರಿಯ ಉದ್ದಕ್ಕೂ ಬೆರಳು ತಂತಿಯನ್ನು ಬಿಡದೆ ಇರುತ್ತದೆ. ಮಾತಾಡುವ ಗಂಟಲೂ ಹಾಗೇ ಅಲ್ಲವೆ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ. 2013ರಲ್ಲಿ ರುದ್ರೇಶ್ ತಮ್ಮ ಒಂದು ಮುದ್ರಿಕೆಗೆ ‘ಗಮಕ್’ ಎಂದೇ ಹೆಸರಿಟ್ಟರು. ಅಲ್ಲೂ ಬೇಸ್ ಮೂತಾಂ ಅವರದೇ.

2008ರಲ್ಲಿ ರುದ್ರೇಶ್ ಎರಡು ಮುದ್ರಿಕೆ ಹೊರತಂದರು. ಒಂದು ‘ಕಿನ್ಸ್‌ಮೆನ್’. ಅದರಲ್ಲಿ ನಮ್ಮ ಕದ್ರಿ ಗೋಪಾಲನಾಥರು ಕೂಡಿ ನುಡಿಸಿದ್ದಾರೆ, ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ, ಬೇಸ್ ಕಾರ್ಲೊ ಡಿ ರೋಸಾ. ಎರಡು ಸ್ಯಾಕ್ಸೊಫೋನ್, ಎರಡು ಪರಂಪರೆ. ಆ ಸಂಗಮದಲ್ಲಿ ಬೇಸ್‌ಗೆ ಇದ್ದ ಸವಾಲು ದೊಡ್ಡದು. ಪೇಟಿಯಲ್ಲಿ ಈಗ ನೋಡಿದ ಹಾಗೆ ನೆಲವನ್ನು ಮನಬಂದಂತೆ ಸರಿಸಿದರೆ ಕದ್ರಿಯವರ ರಾಗದ ಸ್ವರಗಳು ಅರ್ಥ ಕಳೆದುಕೊಳ್ಳುತ್ತವೆ, ಸರಿಸದೆ ನಿಂತರೆ ಜಾಝ್ ಉಸಿರುಗಟ್ಟುತ್ತದೆ. ಅದೇ ವರ್ಷದ ಇನ್ನೊಂದು ಮುದ್ರಿಕೆ ‘ಆಪ್ತಿ’ಯಲ್ಲಿ ಬೇಸ್ ವಾದಕರೇ ಇಲ್ಲ. ಸ್ಯಾಕ್ಸೊಫೋನ್, ರೆಝ್ ಅಬ್ಬಾಸಿ ಅವರ ಗಿಟಾರ್, ಡ್ಯಾನ್ ವೈಸ್ ಅವರ ತಬಲಾ, ಅಷ್ಟೇ. ಅಲ್ಲಿ ನೆಲದ ಕೆಲಸದ ಒಂದು ಪಾಲನ್ನು ಡಗ್ಗಾ ಹೊತ್ತಿದೆ. ತಬಲಾದ ವಿದ್ಯಾರ್ಥಿಗಳು ‘ಆಪ್ತಿ’ಯನ್ನು ಹಾಕಿಕೊಂಡು ಎಡಗೈಯನ್ನೇ ಕೇಳಬೇಕು. ಸಾಥ್ ಕೊಡುವಾಗ ಬಲಗೈ ಚಮತ್ಕಾರಕ್ಕೆ ಚಪ್ಪಾಳೆ ಬೀಳುತ್ತದೆ; ಸಭೆಯನ್ನು ಹಿಡಿದು ಕೂರಿಸುವುದು ಎಡಗೈ.

‘ಆಪ್ತಿ’ಗೆ ತದ್ವಿರುದ್ಧ 2020ರ ‘ಹೀರೊ ಟ್ರಿಯೊ’. ಸ್ಯಾಕ್ಸೊಫೋನ್, ಮೂತಾಂ ಅವರ ಬೇಸ್, ರೂಡಿ ರಾಯ್ಸ್ಟನ್ ಅವರ ಡ್ರಮ್ಸ್. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಸ್ವರಗಳ ಜೋಡಣೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಹೇಳುವ ಪೂರ್ತಿ ಜವಾಬ್ದಾರಿ ನಾಲ್ಕು ತಂತಿಯದು. ಚಾರ್ಲಿ ಪಾರ್ಕರ್ ಅವರಿಂದ ಹಿಡಿದು ಸ್ಟೀವಿ ವಂಡರ್‌ವರೆಗೆ ರುದ್ರೇಶ್ ತಮ್ಮ ಆರಾಧ್ಯರ ರಚನೆಗಳನ್ನು ನುಡಿಸಿದ್ದಾರೆ. 2002ರ ‘ಬ್ಲ್ಯಾಕ್ ವಾಟರ್’ನಿಂದ ಲೆಕ್ಕ ಹಾಕಿದರೆ ಆ ಹೊತ್ತಿಗೆ ಇಬ್ಬರೂ ಜೊತೆ ನುಡಿಸಿ ಹದಿನೆಂಟು ವರ್ಷವಾಗಿತ್ತು. ಮೂತಾಂ ಅವರನ್ನು ಒಂದೇ ಒಂದು ಮುದ್ರಿಕೆಯಲ್ಲಿ ಅರಿಯಬೇಕೆಂದರೆ ನಾನು ಕೊಡುವುದು ಇದನ್ನೇ.

ಅವರ ಬದುಕಿನ ಇನ್ನೊಂದು ಆಸರೆ ಫ್ರೆಂಚ್ ಪಿಯಾನೊ ವಾದಕ ಮಾರ್ಷಿಯಲ್ ಸೊಲಾಲ್. 1927ರಲ್ಲಿ ಅಲ್ಜೀರ್ಸ್‌ನಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡ ಹಿರಿಯರು. 2001ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಕೆಲವೇ ದಿನಗಳಲ್ಲಿ, ಸೊಲಾಲ್ ವಿಲೇಜ್ ವ್ಯಾನ್ಗಾರ್ಡ್‌ನಲ್ಲಿ ಕಛೇರಿ ಕೊಟ್ಟರು. ಬೇಸ್ ಮೂತಾಂ, ಡ್ರಮ್ಸ್ ಬಿಲ್ ಸ್ಟೂವರ್ಟ್. ನಲವತ್ತು ವರ್ಷದ ಹಿಂದೆ ಲಫಾರೊ ನಿಂತು ನುಡಿಸಿದ್ದ ಅದೇ ನೆಲಮಾಳಿಗೆ. ಸೊಲಾಲ್ ಒಂದು ಹಾಡನ್ನು ಎತ್ತಿಕೊಂಡರೆ ಎಲ್ಲಿ ತಿರುಗಿಸುತ್ತಾರೆಂದು ಯಾರೂ ಮುಂಚಿತವಾಗಿ ಹೇಳಲಾಗುತ್ತಿರಲಿಲ್ಲ. ಮೂತಾಂ ಆ ತಿರುವಿನಲ್ಲಿ ಅವರಿಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದರು! ಅವಳಿ ಸೋದರನ ಜೊತೆ ಕಟ್ಟಿದ ‘ಮೂತಾಂ ರಿಯೂನಿಯನ್ ಕ್ವಾರ್ಟೆಟ್’ನ ಮುದ್ರಿಕೆಗಳಲ್ಲಿ ಬೇಸ್ ಮತ್ತು ಡ್ರಮ್ಸ್ ಇಬ್ಬರೇ ಉಳಿದು ನುಡಿಸುವ ಭಾಗಗಳಿವೆ. ರಾಗ ಹೇಳುವವರು ಯಾರೂ ಇಲ್ಲದಿದ್ದರೂ ಅಲ್ಲಿ ಏನೂ ಕಡಿಮೆ ಅನ್ನಿಸುವುದಿಲ್ಲ.

ಕೊನೆಗೆ, ಕಮಲಾಪುರದವರು ಅವತ್ತು ಕೇಳಿದ ಪ್ರಶ್ನೆಗೆ ಬರುತ್ತೇನೆ: “ನಮ್ಮ ತತ್ವಪದಕ್ಕ ಇದು ಹೊಂದತದೇನ್ರಿ?” ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ, ದಮ್ಮಡಿ, ತಾಳದ ಜೊತೆ ಹಾಡುವ ನಾಡಿನಲ್ಲಿ ಇದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ, ಹೊಂದುತ್ತದೆ; ಆದರೆ ನಡೆಯುವ ಬೇಸ್ ಬೇಡ. ಏಕತಾರಿಯ ಸ್ವರ ಇರುವಲ್ಲೇ ಇರಬೇಕು. ಅದನ್ನು ಸರಿಸಿದರೆ ಪದದ ಗಾಂಧಾರಕ್ಕೆ ಈಗ ಪೇಟಿಯಲ್ಲಿ ಕಂಡ ಪಾಡೇ ಬರುತ್ತದೆ. ಬೇಸ್ ವಾದಕರು ಏಕತಾರಿಯ ಸ್ವರವನ್ನೇ ಕೆಳಗಿನ ಸಪ್ತಕದಲ್ಲಿ ಹಿಡಿಯಲಿ, ಸಾಧ್ಯವಾದರೆ ಕಮಾನಿನಲ್ಲಿ. ಪಲ್ಲವಿ ಮುಗಿದು ಹಾಡುಗಾರರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಾತ್ರ ಪದದ ಕೊನೆಯ ನುಡಿಯ ಧಾಟಿಯನ್ನು ಜಾರುಸ್ವರದಲ್ಲಿ ಒಮ್ಮೆ ಹೇಳಿ ಸುಮ್ಮನಾಗಲಿ. ದಮ್ಮಡಿಯ ಪೆಟ್ಟಿನ ಮೇಲೆ ಬೇಸ್ ಪೆಟ್ಟು ಬೀಳುವುದೂ ಬೇಡ, ಪೆಟ್ಟುಗಳ ನಡುವೆ ಬರಲಿ. ಇಲ್ಲವಾದರೆ ಚರ್ಮದ ದನಿ ಮುಚ್ಚಿಹೋಗುತ್ತದೆ. ಡಬಲ್ ಬೇಸ್ ಕಲಬುರಗಿಯಲ್ಲಿ ಕೈಗೆ ಸಿಗುವ ವಾದ್ಯವಲ್ಲ, ನಿಜ. ಅದು ಸಿಗುವವರೆಗೆ ಕೇಳಬಹುದಾದ ಒಂದು ಮುದ್ರಿಕೆಯಿದೆ. 2018ರ ‘ಇಂಟರ್‌ಪ್ಲೇ’, ಮೂತಾಂ ಮತ್ತು ಭಾರತೀಯ ಮೂಲದ ಗಾಯಕಿ ಕವಿತಾ ಶಾ. ಅದರ ಬಹುಪಾಲು ಒಂದು ಕಂಠ, ಒಂದು ಬೇಸ್, ಬೇರೇನಿಲ್ಲ. ಹಾಡುವವರು ಒಬ್ಬರು, ನೆಲ ಹಿಡಿದವರು ಒಬ್ಬರು ಇರುವ ಆ ಏರ್ಪಾಡು ಏಕತಾರಿ ಹಿಡಿದು ಕೂರುವ ನಿಮಗೆ ಹೊಸದೇನಲ್ಲ. ಭಜನೆಯ ದೊಡ್ಡ ಬಾಕ್ಸಿಗೇ ವೈರು ಜೋಡಿಸಿಕೊಂಡು ಕೇಳಿ.